ಗಡಿಯಾಚೆಯ ಪಯಣಕ್ಕೆ ಮುನ್ನ

ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಲವನ್ನು ಕಲಿಸಿದವರು ನಾವು. ಭೂಪಟದ ಮೇಲೆ ಬೆತ್ತವನ್ನಾಡಿಸಿ ಯುರೋಪ ಖಂಡವನ್ನೆಲ್ಲ ಅರೆನಿಮಿಷದಲ್ಲಿ ಸುತ್ತಿ ಬಂದವರು. ಈಗ ಮಗಳ ಬಾಣಂತನಕ್ಕೆಂದು ಜರ್ಮನಿಗೆ ಹೊರಡುವ ಪ್ರಸಂಗ ಬಂದಾಗ, ಆ ಬೆತ್ತದ ಪ್ರವಾಸವು ಎಷ್ಟು ಸುಲಭದ್ದಾಗಿತ್ತೆಂಬುದು ಮನಗಂಡಿತು!

ಮೊದಲನೆಯದು ಕಾಗದಪತ್ರಗಳ ಕಾಂಡ. ಪಾಸ್‌ಪೋರ್ಟಾಯಿತು; ಬಳಿಕ ವೀಸಾ. 180 ದಿನಗಳಲ್ಲಿ 90 ದಿನಗಳಿಗೆ ಮೀರಿ ಅಲ್ಲಿರಕೂಡದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. ಪ್ರಗತಿಪತ್ರಗಳಿಗೆ ಪಾಲಕರ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳುತ್ತಿದ್ದ ನಾವು, ಮುಂಬಯಿಯಲ್ಲಿ ಹತ್ತೂ ಬೆರಳುಗಳನ್ನು ಒತ್ತಿ ಬಂದೆವು.

ಎರಡನೆಯದು ಗಂಟುಮೂಟೆಯ ಕಾಂಡ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಉತ್ತತ್ತಿ, ಅಂಟು, ಕೂಸಿಗೊಂದು ಸೊಲ್ಲಾಪುರದ ಚಾದರ—ಎಲ್ಲವೂ ಸಿದ್ಧವಾದುವು. ಆದರೆ ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯಲು ನಿಷೇಧವಿದೆಯೆಂದು ತಿಳಿದಾಗ ನಮ್ಮ ಮನೆಯವರು ತುಪ್ಪದ ಡಬ್ಬಿಯನ್ನು ಮರಳಿ ಕಪಾಟಿನಲ್ಲಿಟ್ಟು, "ತುಪ್ಪವಿಲ್ಲದ ಬಾಣಂತನವೆಂಥದು?" ಎಂದು ಸುಮ್ಮನೆ ಕುಳಿತರು.

ಆದರೆ ನಮ್ಮನ್ನು ರಾತ್ರಿಯೆಲ್ಲ ಎಚ್ಚರವಾಗಿರಿಸಿದ್ದು ತುಪ್ಪವಲ್ಲ, ಭಾಷೆ. ಆಸ್ಪತ್ರೆಯ ದಾದಿ ಏನಾದರೂ ಕೇಳಿದರೆ ಉತ್ತರಿಸುವುದು ಹೇಗೆ? ನಮ್ಮ ಇಂಗ್ಲಿಷು ಪುಸ್ತಕದ ಇಂಗ್ಲಿಷು, ಜರ್ಮನ್ನಂತೂ ಶೂನ್ಯ. ಸಾವಿರಾರು ಮಕ್ಕಳಿಗೆ ಮಾತು ಕಲಿಸಿದವರು ಅಲ್ಲಿ ಮೂಕರಾಗಿ ನಿಲ್ಲಬೇಕೇ? ಹೋಗುವುದೇ ಬೇಡವೆಂದು ಒಮ್ಮೆ ನಿಶ್ಚಯಿಸಿಯೂ ಬಿಟ್ಟಿದ್ದೆವು.

ಅಂಥ ದಿನಗಳಲ್ಲಿಯೇ ಕೆಲಸದ ನಿಮಿತ್ತ ಸೊಲ್ಲಾಪುರಕ್ಕೆ ಹೋದವರು, ಡಾ. ದ್ವಾರಕಾನಾಥ ಕೋಟ್ನೀಸರ ಸ್ಮಾರಕದೊಳಗೆ ಕಾಲಿಟ್ಟೆವು. ಅದು ಅವರು 1910ರಲ್ಲಿ ಹುಟ್ಟಿದ ಮನೆ. ಜಪಾನಿನ ಆಕ್ರಮಣಕ್ಕೆ ಸಿಲುಕಿದ್ದ ಚೀನಕ್ಕೆ 1938ರಲ್ಲಿ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರೊಬ್ಬರು. ಅಲ್ಲಿಯ ಭಾಷೆಯನ್ನು ಕಲಿತರು, ಗಾಯಾಳುಗಳನ್ನು ಉಪಚರಿಸಿದರು, ಅಲ್ಲಿಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1942ರಲ್ಲಿ ಅಲ್ಲಿಯೇ ಮಡಿದರು. ಹೊರಟಾಗ ಅವರ ಬಳಿಯೂ ಚೀನೀ ಭಾಷೆ ಇರಲಿಲ್ಲವಲ್ಲ!

ಮರಳುವ ಬಸ್ಸಿನಲ್ಲಿ ಮರಾಠಿ, ತೆಲುಗು, ಉರ್ದು, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತಿದ್ದುವು. ಗಡಿನಾಡಿನವರಾದ ನಾವು ನೆರೆಯವರ ನುಡಿಗಳನ್ನು ಯಾವ ಶಾಲೆಯಲ್ಲಿ ಕಲಿತೆವು? ತಪ್ಪಾಡಿ, ನಗಿಸಿಕೊಂಡು, ತಿದ್ದಿಕೊಂಡು ಕಲಿತೆವು. ಚಿಕ್ಕವರಿದ್ದಾಗ ಇದ್ದ ಆ ಧೈರ್ಯವನ್ನು ಗುರುಗಳೆನಿಸಿಕೊಂಡ ಮೇಲೆ ಕಳೆದುಕೊಂಡಿದ್ದೆವು, ಅಷ್ಟೇ.

ಮರುದಿನವೇ ಎರಡಾಣೆಯ ಕಾಲದ ನಮ್ಮ ಅಭ್ಯಾಸದಂತೆ ಒಂದು ವಹಿಗೆ ರಟ್ಟು ಹಾಕಿ, ಫೋನಿನಲ್ಲಿ ಮಗಳು ಹೇಳಿದ ಜರ್ಮನ್ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳತೊಡಗಿದೆವು. ನೀರಿಗೆ 'ವಾಸರ್', ಉಪಕಾರವಾಯಿತೆನ್ನಲು 'ದಾಂಕೆ'. 'ದಯವಿಟ್ಟು' ಎನ್ನುವುದಕ್ಕೆ ಅವರು 'ಬಿಟ್ಟೆ' ಎನ್ನುವರಂತೆ! ಏನನ್ನು ಬಿಟ್ಟೆ? ಬಹುಶಃ ಮೇಷ್ಟ್ರೆಂಬ ಬಿಂಕವನ್ನು.

ಪೆಟ್ಟಿಗೆಯಲ್ಲಿ ತುಪ್ಪದ ಡಬ್ಬಿಯ ಜಾಗ ತೆರವಾಗಿತ್ತು. ಅಲ್ಲಿ ಆ ವಹಿಯನ್ನೂ, ಅದರ ಮೇಲೆ ಒಂದು ಕನ್ನಡ ಅಂಕಲಿಪಿಯನ್ನೂ ಇಟ್ಟಿದ್ದೇವೆ. ಮೊದಲನೆಯದು ನಮಗೆ, ಎರಡನೆಯದು ಹುಟ್ಟಲಿರುವ ಕೂಸಿಗೆ.