ಆಯಿಯ ಜಪಸರ

ಸಂಜೆಯ ಗಾಡಿ ಯಾದಗಿರಿ ನಿಲ್ದಾಣವನ್ನು ಬಿಟ್ಟ ಸಪ್ಪಳ ಕೇಳಿದೊಡನೆ ನನ್ನ ಆಯಿ ಸೆರಗನ್ನು ತಲೆಯ ಮೇಲೆಳೆದುಕೊಂಡು, ಯೇಸುವಿನ ತಿರುಹೃದಯದ ಪಟದ ಮುಂದೆ ದೀಪ ಹಚ್ಚುತ್ತಿದ್ದಳು. ಗಡಿಯಾರದ ಗೊಡವೆ ಆಕೆಗಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದವರು ಕೈ ತೊಳೆದು ಬರಬೇಕು. ಓದುತ್ತಿದ್ದ ನಾವು ಪುಸ್ತಕ ಮುಚ್ಚಿ ಮೊಣಕಾಲೂರಬೇಕು. ಜಪಸರದ ಐವತ್ತಮೂರು ಮಣಿಗಳು ಆಕೆಯ ಬೆರಳುಗಳ ನಡುವೆ ಜಾರಿ ಮುಗಿದ ಬಳಿಕ, ಆಯಿ ತನ್ನ ಮಕ್ಕಳನ್ನು ಹಿರಿಯರಿಂದ ಕಿರಿಯರವರೆಗೆ ಹೆಸರು ಹಿಡಿದು ದೇವರಿಗೆ ಒಪ್ಪಿಸುವಳು. ನನ್ನ ತಂದೆಯದು ಮೊದಲನೆಯ ಹೆಸರು. ಅದಾದ ಮೇಲೆ ಒಂದು ಮೌನ. ಉಸಿರೆಳೆದುಕೊಳ್ಳುವಷ್ಟು ಹೊತ್ತು, ಅಷ್ಟೆ. ಅನಂತರ ಉಳಿದವರ ಹೆಸರು. ಆ ಮೌನವೂ ಪ್ರಾರ್ಥನೆಯ ಒಂದು ಭಾಗವೆಂದೇ ನಾನು ಬಾಲ್ಯದಲ್ಲಿ ತಿಳಿದಿದ್ದೆ.

ಆಯಿಯ ತವರು ಮುದಗಲ್ಲು. ಬಿಜಾಪುರದ ಆದಿಲಶಾಹಿ ಅರಸರ ಕಾಲದಿಂದಲೂ ಆ ಕೋಟೆಯ ಊರಿನಲ್ಲಿ ಕಥೋಲಿಕ ಕ್ರೈಸ್ತರು ನೆಲಸಿದ್ದಾರೆ. ಗೋವೆಯ ಕಡೆಯಿಂದ ಬಂದ ಧರ್ಮಗುರುಗಳು ಬಿತ್ತಿದ ಬೀಜ ಅದು. ಮನೆಮಾತು ಕನ್ನಡ, ಉಡುಗೆ ಇಳಕಲ್ ಸೀರೆ, ಊಟ ಜೋಳದ ರೊಟ್ಟಿ; ದೇವರೊಡನೆ ಮಾತು ಮಾತ್ರ ಲ್ಯಾಟಿನ್. 1944ರಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿ, ಹರಿಗೋಲಿನಲ್ಲಿ ಕುಳಿತು ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ, ಸುರಪುರ ಶಹಾಪುರಗಳ ಮೇಲೆ ಹಾಯ್ದು, ಮತ್ತೆ ಭೀಮೆಯನ್ನು ದಾಟಿ ಆಕೆ ಯಾದಗಿರಿಗೆ ಸೊಸೆಯಾಗಿ ಬಂದಳು. "ಎರಡು ಹೊಳಿ ದಾಟಿ ಬಂದೀನಿ, ಹೊಳ್ಳಿ ಹ್ಯಾಂಗ ಹೋಗ್ಲಿ?" ಎಂಬುದು ಅತ್ತೆಯ ಮನೆಯ ಕಷ್ಟಗಳ ಬಗ್ಗೆ ಆಕೆ ಆಡಿದ ಒಂದೇ ಮಾತು.

ಮುತ್ಯಾ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಮುಂಬಯಿಯಿಂದ ಬಂದ ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ. ಆ ದಾರಿಯ ಮೇಲಿನ ನಿಲ್ದಾಣ ಯಾದಗಿರಿ. ಆಯಿ ಬಂದಾಗ ಇಲ್ಲಿ ನಿಜಾಮರ ಆಳಿಕೆ. ಸಂತೆಯಲ್ಲಿ ಹಾಲಿ ಸಿಕ್ಕಾ ನಾಣ್ಯ, ಕಚೇರಿಯಲ್ಲಿ ಉರ್ದು. 1948ರ ಸಪ್ಟಂಬರದಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಬಂದಿತು. ರಾಜ್ಯಗಳು ಬದಲಾದುದು ಆಯಿಗೆ ತಿಳಿದದ್ದು ಸಂತೆಯ ನಾಣ್ಯದಿಂದ, ಮಕ್ಕಳ ಪಾಠಪುಸ್ತಕದಿಂದ. ಎಂಟು ಮಕ್ಕಳನ್ನು ಹಡೆದು, ಇಬ್ಬರನ್ನು ಮಣ್ಣಿಗೊಪ್ಪಿಸಿ, ಆರು ಮಂದಿಯನ್ನು ಆಕೆ ಬೆಳೆಸಿದಳು.

ಊರಿನಲ್ಲಿ ಮೆಥಡಿಸ್ಟ್ ಪಂಥದ ಕ್ರೈಸ್ತರೇ ಹೆಚ್ಚು. ಕಥೋಲಿಕರ ಮನೆಗಳು ಬೆರಳೆಣಿಕೆಯವು. ಬಲಿಪೂಜೆ ಅರ್ಪಿಸಲು ಧರ್ಮಗುರುಗಳು ರೈಲಿನಲ್ಲಿ ಬಂದು ರೈಲಿನಲ್ಲಿ ಹೋಗುತ್ತಿದ್ದರು. ಅವರು ಬಾರದ ಆದಿತ್ಯವಾರವೂ ಆಯಿಗೆ ಆದಿತ್ಯವಾರವೇ. ಅರ್ಥ ತಿಳಿಯದ ಲ್ಯಾಟಿನ್ ಉತ್ತರಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಫಲವಾಗಿ ಪೂಜೆ ಕನ್ನಡಕ್ಕೆ ಬಂದಾಗ ಹಿರಿಯರು ಕೆಲವರು ಮುಖ ಸಿಂಡರಿಸಿದರಂತೆ. ಆಯಿಯೂ ಮೊದಲ ದಿನ ಅತ್ತಳಂತೆ. ವರ್ಷ ಕಳೆಯುವುದರೊಳಗೆ ಹೇಳಿದಳು: "ಇಷ್ಟು ದಿನ ದೇವರ ಮನಿ ಹೊಸ್ತಿಲದಾಗ ನಿಂತಿದ್ದೆ. ಈಗ ಒಳಗ ಕರದಂಗಾತು."

ಇಷ್ಟು ಹೇಳಿದರೆ ಆಯಿ ಸಂತಳೆಂದು ವಾಚಕರು ಭಾವಿಸಬಹುದು. ಹಾಗೆ ಭಾವಿಸಿದರೆ ಆಕೆಗೇ ಸಿಟ್ಟು ಬರುತ್ತಿತ್ತು. ಆಕೆಯ ಭಕ್ತಿಯಲ್ಲಿ ಒಂದು ಕಲ್ಲಿದ್ದಿತು.

ಎರಡನೆಯ ಮಗಳು, ನನ್ನ ಸೋದರತ್ತೆ, 1967ರಲ್ಲಿ ಶಹಾಪುರದ ಲಿಂಗಾಯತ ಮನೆತನದ ತರುಣನೊಬ್ಬನನ್ನು ತಾನಾಗಿ ಮೆಚ್ಚಿ ಮದುವೆಯಾದಳು. ಮುತ್ಯಾ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಉಂಡು ಕೆಲಸಕ್ಕೆ ಹೋದರು. ಆಯಿ ಮಾತ್ರ ಅಂದಿನಿಂದ ಆ ಮಗಳ ಹೆಸರನ್ನು ನಾಲಗೆಯ ಮೇಲೆ ತರಲಿಲ್ಲ. ಅತ್ತೆ ಬರೆದ ಪತ್ರಗಳನ್ನು ಓದಿಸಿಕೊಳ್ಳಲಿಲ್ಲ. ಹರಿದು ಹಾಕಲೂ ಇಲ್ಲ. ದಿನದಿನವೂ ಕ್ಷಮೆಯ ದೇವರ ಮುಂದೆ ಮೊಣಕಾಲೂರುತ್ತಿದ್ದ ಹೆಂಗಸು ಆರು ವರ್ಷ ಹೀಗೆ ಕಳೆದಳು. ಸಂಜೆಯ ಪ್ರಾರ್ಥನೆಯಲ್ಲಿ ನನ್ನ ತಂದೆಯ ಹೆಸರಿನ ಮುಂದಿನ ಆ ಮೌನ, ಹೆಸರು ತೆಗೆದುಹಾಕಿದ ಜಾಗ.

1973ರ ಮಾರ್ಚಿ ತಿಂಗಳು. ಹಿಂದಿನ ವರ್ಷದ ಬರದಿಂದ ನಾಡು ಒಣಗಿ ನಿಂತಿತ್ತು. ತಪಸ್ಸು ಕಾಲದ ಮೊದಲನೆಯ ದಿನ, ವಿಭೂತಿ ಬುಧವಾರ. ಗುರುಗಳು ಎಲ್ಲರ ಹಣೆಗೆ ಬೂದಿಯಿಂದ ಶಿಲುಬೆ ಬರೆದು, ಮನುಷ್ಯನು ಮಣ್ಣೆಂಬುದನ್ನು ನೆನಪಿಸಿದರು. ಹೊರಗೆ ಬಂದಾಗ ಶಹಾಪುರದ ಕಡೆಯ ಪರಿಚಿತನೊಬ್ಬ ಕಾದಿದ್ದ. ಅತ್ತೆಗೆ ಮೂರನೆಯ ಹೆರಿಗೆಯಾಗಿ, ಕೂಸು ಉಳಿಯಲಿಲ್ಲವೆಂದೂ, ಬಾಣಂತಿಗೆ ಜ್ವರ ಇಳಿಯುತ್ತಿಲ್ಲವೆಂದೂ ಹೇಳಿದ. ಆಯಿ ಏನೂ ಮಾತನಾಡಲಿಲ್ಲ. ಬದಿಗಿದ್ದ ನನ್ನ ಕೈ ಹಿಡಿದು ನೆಟ್ಟಗೆ ಬಸ್ ನಿಲ್ದಾಣಕ್ಕೆ ನಡೆದಳು. ನನಗಾಗ ಏಳು ವರ್ಷ.

ಭೀಮೆ ಉಸುಕಿನ ನಡುವೆ ಎಳೆಯಾಗಿ ಹರಿಯುತ್ತಿತ್ತು. ಶಹಾಪುರ ಹತ್ತಿರವಾದಂತೆ ಗುಡ್ಡಗಳ ಸಾಲು ಕಾಣಿಸಿತು. ಅಂಗಾತ ಮಲಗಿದ ಮನುಷ್ಯನಂತೆ ತೋರುವ ಆ ಸಾಲನ್ನು ಮಲಗಿದ ಬುದ್ಧನೆಂದು ಈಗ ಎಲ್ಲರೂ ಬಲ್ಲರು. "ಆಯಿ, ಅಲ್ಲಿ ಯಾರು ಮಲಗ್ಯಾರ?" ಎಂದೆ. "ಯಾರೋ ದಣದವರು. ಮಲಗಲಿ ಬಿಡು" ಎಂದಳು. ದಾರಿಯುದ್ದಕ್ಕೂ ಆಕೆ ಆಡಿದ ಮಾತು ಅದೊಂದೇ.

ಆ ಮನೆಯ ಹೊಸ್ತಿಲಲ್ಲಿ ಆಯಿ ನಿಂತುಬಿಟ್ಟಳು. ಒಳಗಿನಿಂದ ಅತ್ತೆಯ ಅತ್ತೆ, ಹಣೆಯ ತುಂಬ ವಿಭೂತಿ ಧರಿಸಿದ ಹಿರಿಯ ಹೆಂಗಸು, ಬಂದರು. ಆರು ವರ್ಷದಲ್ಲಿ ಒಮ್ಮೆಯೂ ಮುಖ ತೋರಿಸದ ಬೀಗತಿಗೆ ಅವರು ಏನು ಬೇಕಾದರೂ ಅನ್ನಬಹುದಾಗಿತ್ತು. ಅವರ ದೃಷ್ಟಿ ಆಯಿಯ ಹಣೆಯ ಮೇಲೆ ನಿಂತಿತು. ಬೆರಗಾಗಿ ಕೇಳಿದರು: "ಯವ್ವಾ, ನಿಮ್ಮಾಗೂ ವಿಭೂತಿ ಹಚ್ಕೋತಾರೇನ್ರಿ?"

"ವರ್ಷಕ್ಕೊಮ್ಮೆರಿ" ಎಂದಳು ಆಯಿ.

"ನಾವು ದಿನಾ ಹಚ್ಕೋತೀವಿ, ನೀವು ವರ್ಷಕ್ಕೊಮ್ಮೆ. ಬರ್ರಿ, ಒಳಗ ಬರ್ರಿ. ಹುಡುಗಿ ದಾರಿ ನೋಡ್ಲಕತ್ತದ."

ಆಯಿ ಇಪ್ಪತ್ತೊಂದು ದಿನ ಅಲ್ಲಿಯೇ ನಿಂತಳು. ಇಬ್ಬರು ಹಿರಿಯ ಹೆಂಗಸರೂ ಸರದಿಯ ಮೇಲೆ ರಾತ್ರಿಯ ನಿದ್ದೆಗೆಟ್ಟರು. ಒಬ್ಬರು ಜಗಲಿಯ ಮೇಲೆ ಲಿಂಗಪೂಜೆಗೆ ಕುಳಿತರೆ, ಇನ್ನೊಬ್ಬರು ಬಾಣಂತಿಯ ಮಗ್ಗುಲಲ್ಲಿ ಜಪಸರ ಹಿಡಿದಿರುತ್ತಿದ್ದರು. ಅತ್ತೆ ಬದುಕಿಕೊಂಡಳು. ನಾವು ಯಾದಗಿರಿಗೆ ಮರಳಿದ ಸಂಜೆ, ಪ್ರಾರ್ಥನೆಯ ಕೊನೆಯಲ್ಲಿ ನನ್ನ ತಂದೆಯ ಹೆಸರಾದ ಮೇಲೆ ಅತ್ತೆಯ ಹೆಸರು ಕೇಳಿಬಂದಿತು. ನನ್ನ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡಳು. ಅದೇಕೆಂದು ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಅಂದಿನಿಂದ ಪ್ರತಿವರ್ಷ ವಿಭೂತಿ ಬುಧವಾರದ ಪೂಜೆ ಮುಗಿಸಿ, ಹಣೆಯ ಬೂದಿ ಅಳಿಸದೆ, ಆಯಿ ಶಹಾಪುರದ ಬಸ್ಸು ಹತ್ತುವ ಪದ್ಧತಿ ಬಿದ್ದಿತು. ಅಲ್ಲಿಂದ ಸುರಪುರದಲ್ಲಿ ಶಿಕ್ಷಕನಾಗಿದ್ದ ಕಿರಿಯ ಮಗನ ಮನೆ. ಆ ಊರ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯುಂಟು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸಂಸ್ಥಾನದ ಮೇಲ್ವಿಚಾರಕನಾಗಿದ್ದ ಮೆಡೋಸ್ ಟೇಲರ್ ಕಟ್ಟಿಸಿದ್ದು. ನೆರೆಯವರು "ಇದು ನಿಮ್ಮವರ ಬಂಗ್ಲೆ" ಎಂದು ಆಯಿಯನ್ನು ಚೇಷ್ಟೆ ಮಾಡುತ್ತಿದ್ದರು. ಬಾಲಕ ಅರಸು ವೆಂಕಟಪ್ಪನಾಯಕನು ಟೇಲರನನ್ನು 'ಅಪ್ಪ' ಎಂದು ಕರೆಯುತ್ತಿದ್ದನೆಂದೂ, ಮುಂದೆ ಆತನೇ ಇಂಗ್ಲಿಷರ ವಿರುದ್ಧ ದಂಗೆಯೆದ್ದು 1858ರಲ್ಲಿ ಮಡಿದನೆಂದೂ ಚಿಕ್ಕಪ್ಪ ಕತೆ ಹೇಳಿದಾಗ ಆಯಿ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ ಅಂತ ಕರದ ಕೂಸಿನ್ನ ಬಿಟ್ಟು ಹೋದವರಿಗೆ ನಿದ್ದಿ ಹ್ಯಾಂಗ ಬಂದಿರಬೇಕು?" ಎಂದಳು. ಯಾರನ್ನು ಕುರಿತು ಆ ಮಾತು ಎಂದು ಯಾರೂ ಕೇಳಲಿಲ್ಲ.

ಕಾಲ ಸರಿಯಿತು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು, ಕೃಷ್ಣೆಯ ನೀರು ಕಾಲುವೆಗಳಲ್ಲಿ ಬಂದು, ಜೋಳ ಬೆಳೆಯುತ್ತಿದ್ದ ಸುರಪುರ ಶಹಾಪುರಗಳ ಹೊಲಗಳಲ್ಲಿ ಭತ್ತ ಹಸಿರಾಯಿತು. 2005ರ ಜೂನ್ 24ರಂದು ಗುಲಬರ್ಗಾ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ರೈಲಿನ ದಾರಿ ಕಾಯುತ್ತಿದ್ದ ಆಯಿಗೆ ಆ ದಿನ ದೊಡ್ಡ ಹಬ್ಬ. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾದಾಗ, "ನಮ್ಮ ಮೂರೂ ಊರು ಒಂದೇ ಮನಿಯಾದ್ವು" ಎಂದು ನಕ್ಕಳು.

ಕೊನೆಯ ವರ್ಷಗಳಲ್ಲಿ ಕಣ್ಣು ಮಂದವಾಗಿತ್ತು. ಒಂದು ರಾತ್ರಿ ನನ್ನನ್ನು ಹತ್ತಿರ ಕರೆದು ಹೇಳಿದಳು: "ಆರು ವರ್ಷ ದೇವರ ಮುಂದ ಕುಂತು ಮಗಳನ್ನ ಬಿಟ್ಟು ಬೇಡಿಕೊಂಡೆ. ಪಾಪನಿವೇದನೆಯಾಗ ಹೇಳೀನಿ, ಗುರುಗಳು ಕ್ಷಮಾ ಹೇಳ್ಯಾರ. ಆದ್ರ ಆ ಆರು ವರ್ಷ ಯಾರು ಹೊಳ್ಳಿ ಕೊಡ್ತಾರ? ನೀ ಯಾರ ಹೆಸರೂ ಬಿಡಬ್ಯಾಡ." ನಾನು ದೇವಾಲಯಕ್ಕೆ ಹೋಗುವುದನ್ನು ಬಿಟ್ಟು ಆಗಲೇ ಹಲವು ವರ್ಷಗಳಾಗಿದ್ದವು. ಅದು ಆಕೆಗೆ ತಿಳಿದಿತ್ತು. ಅದರ ಬಗ್ಗೆ ಒಂದು ಮಾತನ್ನೂ ಆಕೆ ಆಡಲಿಲ್ಲ.

2017ರಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಆಯಿ ಕಣ್ಣು ಮುಚ್ಚಿದಳು. ಸ್ಮಶಾನಕ್ಕೆ ಒಯ್ಯುವಾಗ ಶಹಾಪುರದ ಅತ್ತೆಯ ಇಬ್ಬರು ಗಂಡುಮಕ್ಕಳು, ಹಣೆಯ ಮೇಲೆ ವಿಭೂತಿ ಧರಿಸಿದವರು, ಮುಂದಿನ ಹೆಗಲು ತಮಗೇ ಬೇಕೆಂದು ಕೇಳಿ ಪಡೆದರು. ಜಪಸರವನ್ನು ಆಯಿಯ ಇಚ್ಛೆಯಂತೆ ಆ ಅತ್ತೆಗೇ ಕೊಟ್ಟೆವು.

ನನ್ನ ಭಕ್ತಿ ಈಗಲೂ ಅಷ್ಟಕ್ಕಷ್ಟೆ. ಆದರೂ ವರ್ಷಕ್ಕೊಮ್ಮೆ, ವಿಭೂತಿ ಬುಧವಾರ, ದೇವಾಲಯದ ಸಾಲಿನಲ್ಲಿ ನಿಂತು ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇನೆ. ಅದನ್ನು ಅಳಿಸದೆ ಶಹಾಪುರದ ಬಸ್ಸು ಹತ್ತುತ್ತೇನೆ. ಮುಪ್ಪಾದ ಅತ್ತೆ ಬಾಗಿಲಲ್ಲಿ ಕುಳಿತು ಕಾದಿರುತ್ತಾಳೆ. ಸಂಜೆ ದೀಪ ಹಚ್ಚಿ ಆಕೆ ಜಪಸರ ಮುಗಿಸಿ, ಎಲ್ಲರ ಹೆಸರನ್ನೂ ಒಂದೊಂದಾಗಿ ಹೇಳುತ್ತಾಳೆ. ಆಯಿಯ ಹೆಸರಿನ ನಂತರ ನನ್ನ ಹೆಸರೂ ಬರುತ್ತದೆ.