ಸಿಡಿಯದ ಬಂದೂಕು

ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿಗೆ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವಿಷ್ಟು ತಿಳಿದಿದ್ದರೆ ಸಾಕೆಂದು ವಿಶ್ವವಿದ್ಯಾಲಯದವರು ಭಾವಿಸಿರಬಹುದು. ನಮ್ಮ ಬಳಗಾನೂರಿನವರ ಎಣಿಕೆ ಹಾಗಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನಾದ್ದರಿಂದ, ಮೊಬೈಲು ಕೆಟ್ಟರೂ, ಪಹಣಿಯಲ್ಲಿ ಹೆಸರು ತಪ್ಪಾದರೂ, ಎಮ್ಮೆ ಮೇವು ಬಿಟ್ಟರೂ ಕರೆ ಬರುವುದು ನನಗೇ. ನಾನೂ 'ನನಗೆ ತಿಳಿಯದು' ಎಂದು ಯಾರಿಗೂ ಹೇಳಿದವನಲ್ಲ. ಈ ಅಭ್ಯಾಸವು ಕಳೆದ ಪುಷ್ಯಮಾಸದಲ್ಲಿ ನನ್ನ ಕಣ್ಣುಗಳನ್ನೇ ಕಳೆಯುವುದರಲ್ಲಿತ್ತು.

ಕಾಲುವೆಯ ನೀರು ಏರದ ನಮ್ಮ ಎರೆ ಹೊಲದಲ್ಲಿ ಬಿಳಿಜೋಳ ಹಾಲುಗಾಳು ಕಟ್ಟಿತ್ತು. ಆ ಹೊತ್ತಿಗೆ ಸರಿಯಾಗಿ ಗುಬ್ಬಿ, ಗಿಳಿಗಳ ದಂಡು ಬಂದಿಳಿಯುತ್ತದೆ. ನಮ್ಮಪ್ಪ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುವವನು. ಹಗ್ಗದ ಆ 'ಛಟೀರ್' ಶಬ್ದಕ್ಕೇ ಅರ್ಧ ದಂಡು ಎದ್ದುಹೋಗುತ್ತದೆ, ಕಲ್ಲು ಹೋದದ್ದು ಉಳಿದರ್ಧಕ್ಕೆ. ಪಿ.ಯು.ಸಿ. ಓದುವ ನನ್ನ ತಮ್ಮನಿಗೆ ಮಾತ್ರ ಇದು ಹಳೆಯ ಕಾಲದ್ದಾಗಿ ತೋರಿತು. ಅವನು ಸಿಂಧನೂರಿನಿಂದ ಒಂದು ಕಾರ್ಬೈಡ್ ಬಂದೂಕು ಕೊಂಡು ತಂದ. ಬಂದೂಕೆಂದರೆ ಒಂದು ಪ್ಲಾಸ್ಟಿಕ್ ಕೊಳವೆ, ಹಿಂದೊಂದು ಲೈಟರಿನ ಗುಂಡಿ, ಅಷ್ಟೆ. ಎರಡು ದಿನ ಅದು ಸೊಗಸಾಗಿ ಗರ್ಜಿಸಿತು. ಪಕ್ಕದ ಹೊಲದವರು ಬಂದು ಬೆಲೆ ಕೇಳಿ ಹೋದರು. ಅಪ್ಪನೊಬ್ಬನೇ ಏನೂ ಅನ್ನಲಿಲ್ಲ.

ಮೂರನೆಯ ಬೆಳಿಗ್ಗೆ ಇಬ್ಬನಿ ಬಿದ್ದಿತ್ತು. ತಮ್ಮ ಗುಂಡಿ ಒತ್ತಿದ, 'ಟಕ್' ಎಂದಿತು. ಮತ್ತೆ ಒತ್ತಿದ, ಮತ್ತೆ 'ಟಕ್'. ಹಕ್ಕಿಗಳು ತೆನೆಯ ಮೇಲೆ ಹಾಯಾಗಿ ಕುಳಿತಿದ್ದವು.

"ಅಣ್ಣಾ, ಹೊಡಿವಲ್ದು. ನೀ ಬಿ.ಎ. ಓದೀದಿ, ಏನಾಗೇತಿ ನೋಡೋ."

ನಾನು ಗಂಭೀರವಾಗಿ ಮುಂದೆ ಬಂದೆ. ಅಲುಗಿಸಿದೆ. ಮೂಸಿದೆ. ಬೆಳ್ಳುಳ್ಳಿಯಂಥ ವಾಸನೆ ಗಪ್ಪೆಂದು ಬಂತು. ಅನಿಲವಿದೆ, ಕಿಡಿಯಿದೆ, ಶಬ್ದವಿಲ್ಲ. ಹಾಗಾದರೆ ಕೊಳವೆಯಲ್ಲಿ ಏನೋ ಕಟ್ಟಿಕೊಂಡಿರಬೇಕು! ಈ ತರ್ಕಕ್ಕೆ ನಾನೇ ಮನಸ್ಸಿನಲ್ಲಿ ತಲೆದೂಗಿ, ಕೊಳವೆಯ ಬಾಯನ್ನು ಕಣ್ಣಿನ ಹತ್ತಿರ ತಂದೆ. ಹಿಂತುದಿ ತಮ್ಮನ ಕೈಯಲ್ಲೇ ಇತ್ತು. ಅವನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು.

"ಮಾರಿ ತಗೀಲೇ!"

ಅಟ್ಟಣಿಗೆಯ ಮೇಲಿನಿಂದ ಬಂದ ಆ ಕೂಗಿನಂಥ ಕೂಗನ್ನು ನಾನು ಅಪ್ಪನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಬೆಚ್ಚಿ ಮುಖ ಹೊರಳಿಸಿದೆ. ಅದೇ ಗಳಿಗೆಗೆ ಕಿವಿಯ ಪಕ್ಕದಲ್ಲಿ ಗುಡುಗಿತು.

ಎಡಹುಬ್ಬು ಸುಟ್ಟಿತ್ತು. ಕೆನ್ನೆಯ ಮೇಲೆ ಬಿಳಿಯ ರಾಡಿ ಸಿಡಿದಿತ್ತು. ಅಪ್ಪ ಹೇಗೆ ಇಳಿದನೋ ತಿಳಿಯದು, ಒಂದು ಕೈಯಿಂದ ನನ್ನ ರೆಪ್ಪೆ ಬಿಡಿಸಿ ಹಿಡಿದು, ಕೊಡದ ನೀರು ಮುಗಿಯುವ ತನಕ ಕಣ್ಣಿಗೆ ಹೊಯ್ದ. ತಮ್ಮ ಅಳುತ್ತ ಇನ್ನೊಂದು ಕೊಡ ತಂದ. ಮಧ್ಯಾಹ್ನ ಸಿಂಧನೂರಿನ ವೈದ್ಯರು ದೀಪ ಹಿಡಿದು ನೋಡಿ, ಕಣ್ಣಿಗೆ ಅಪಾಯವಿಲ್ಲ, ನೀರು ಹೊಯ್ದವರು ಪುಣ್ಯವಂತರು ಎಂದರು. ಎಡಗಿವಿ ಮಾತ್ರ ಎರಡು ದಿನ ಗುಂಯ್‌ಗುಟ್ಟಿತು.

ಅಪ್ಪನಿಗೆ ಹೇಗೆ ತಿಳಿಯಿತು? ಅವನು ಹೆಬ್ಬೆಟ್ಟಿನ ಮನುಷ್ಯ. ಆ ರಾತ್ರಿ ಹೇಳಿದ. ಹರೆಯದಲ್ಲಿ ಅವನು ಬಾವಿ ತೋಡುವ ಗುಂಪಿನಲ್ಲಿದ್ದನಂತೆ. ಬಂಡೆಗೆ ಕುಳಿ ಹೊಡೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು ಮೇಲೆ ಬರುವುದು ಅವರ ಕೆಲಸ. ಒಮ್ಮೊಮ್ಮೆ ಒಂದು ಕುಳಿ ಸಿಡಿಯದೆ ಉಳಿಯುತ್ತಿತ್ತು. ಅವಸರದವನೊಬ್ಬ ಇಳಿದು ನೋಡಲು ಹೋಗಿ ತಿರುಗಿ ಬರಲಿಲ್ಲ.

"ಹೊಡದ ಮದ್ದಿಗೆ ಅಂಜಬ್ಯಾಡ. ಹೊಡೀಲಾರದ ಮದ್ದಿಗೆ ಅಂಜು" ಎಂದು ಹೇಳಿ ಅಪ್ಪ ಕಂಬಳಿ ಎಳೆದುಕೊಂಡ.

ನಾನು ಮರಳಿ ಬಂದು ಗ್ರಂಥಾಲಯದಲ್ಲಿ ಹುಡುಕಿದೆ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಸೋಕಿದರೆ ಅಸಿಟಿಲೀನ್ ಹುಟ್ಟುವುದನ್ನು 1862ರಲ್ಲಿಯೇ ಜರ್ಮನಿಯ ವೋಲರ್ ಕಂಡುಕೊಂಡಿದ್ದನು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕರಗಿಸುವುದು ಅದೇ ಅನಿಲ. ನಮ್ಮ ಅಡುಗೆಯ ಗ್ಯಾಸು ಗಾಳಿಯಲ್ಲಿ ಸುಮಾರು 2ರಿಂದ 10 ಪಾಲಿನೊಳಗೆ ಬೆರೆತರೆ ಮಾತ್ರ ಹೊತ್ತುತ್ತದೆ. ಇದಾದರೋ ನೂರಕ್ಕೆ ಎರಡೂವರೆ ಪಾಲಿನಿಂದ ಎಂಬತ್ತರವರೆಗೆ ಎಲ್ಲಿದ್ದರೂ ಹೊತ್ತಬಲ್ಲುದು. ಎಂದರೆ ಕೊಳವೆ ಸುಮ್ಮನಿದ್ದುದಕ್ಕೆ ಬಹುಶಃ ಇಬ್ಬನಿಗೆ ಕಿಡಿ ತೊಯ್ದುದಷ್ಟೇ ಕಾರಣ. ಒಳಗೆ ಎಲ್ಲವೂ ಸಿದ್ಧವಾಗಿಯೇ ಇತ್ತು. ಕೆನ್ನೆಗೆ ಸಿಡಿದ ಬಿಳಿಯ ರಾಡಿ ಸುಣ್ಣ. ಎಲೆಗೆ ಹಚ್ಚುವ ಸುಣ್ಣವೇ, ಆದರೆ ಕಣ್ಣಿಗೆ ಬಿದ್ದರೆ ಸುಟ್ಟುಬಿಡುತ್ತದೆ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. 2025ರ ಅಕ್ಟೋಬರಿನಲ್ಲಿ, ದೀಪಾವಳಿಯ ದಿನಗಳಲ್ಲಿ, ಭೋಪಾಲ ಮೊದಲಾದ ಮಧ್ಯಪ್ರದೇಶದ ಊರುಗಳಲ್ಲಿ ನೂರಕ್ಕೂ ಹೆಚ್ಚು ಜನ ಇಂಥದೇ ಬಂದೂಕಿನಿಂದ ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದ್ದರು. ಅವರಲ್ಲಿ ಬಹುಮಂದಿ ಮಕ್ಕಳು. ಕೆಲವರ ದೃಷ್ಟಿಯೇ ಹೋಯಿತು. ಸಿಡಿಯಲಿಲ್ಲವೆಂದು ಕೊಳವೆಯೊಳಗೆ ಇಣುಕಿದವರೂ ಅವರಲ್ಲಿದ್ದರು. ಈ ಸುದ್ದಿಯನ್ನು ನಾನು ಇದೇ ವಾಚನಾಲಯದ ಇದೇ ಬೆಂಚಿನ ಮೇಲೆ ಕುಳಿತು ಓದಿದ್ದೆ. ಓದಿ, 'ಅಯ್ಯೋ ಪಾಪ' ಎಂದು ಪುಟ ತಿರುವಿ ಕ್ರಿಕೆಟ್ಟಿಗೆ ಹೋಗಿದ್ದೆ. ಎರಡು ತಿಂಗಳ ಮೇಲೆ ಹೊಲದಲ್ಲಿ ನಿಂತಾಗ ಅದರ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಅಪ್ಪನಿಗೆ ಮೂವತ್ತು ವರ್ಷದ ಹಿಂದಿನದು ನೆನಪಿತ್ತು.

ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿದ ಪ್ರಶ್ನೆ ಒಂದೇ: "ಆ ಹುಡುಗರಿಗೆ ಕೂಗಾಕ ಯಾರೂ ಇರಲಿಲ್ಲೇನು?"

ಬಂದೂಕನ್ನು ತಮ್ಮನೇ ಮುರಿದು ಹಾಕಿದ. ಜೋಳ ಕೊಯ್ಯುವ ತನಕ ರಜೆಯ ದಿನಗಳಲ್ಲಿ ಅವನೂ ನಾನೂ ಸರದಿಯ ಮೇಲೆ ಅಟ್ಟಣಿಗೆ ಏರಿದೆವು. ಕವಣೆ ಅವನಿಗೆ ಒಂದೇ ದಿನದಲ್ಲಿ ಒಲಿಯಿತು. ನಾನು ಬೀಸಿದ ಮೊದಲ ಕಲ್ಲು ಹಿಂದಕ್ಕೆ ಹಾರಿ, ಬುತ್ತಿ ತರುತ್ತಿದ್ದ ಅವ್ವನ ಮುಂದೆ ಬಿತ್ತು. ಅವ್ವ ಅಲ್ಲಿಯೇ ನಿಂತು ಬೈಯತೊಡಗಿದಳು. ಅಪ್ಪ ಬದುವಿನ ಮೇಲೆ ಕುಳಿತು, ಕೆಮ್ಮು ಬರುವಷ್ಟು ನಕ್ಕ.