ಸಿಂಹಗಡದ ಏರು, ಮನೆಯ ನೆಲ

ಪುಣೆ ಎಂದೊಡನೆ ಒಬ್ಬರಿಗೆ ಶನಿವಾರವಾಡೆ ನೆನಪಾದೀತು, ಇನ್ನೊಬ್ಬರಿಗೆ ಬಾಕರವಡಿ ನೆನಪಾದೀತು. ಊರಿನ ಹಳಬರಿಗೆ ಮಾತ್ರ ಮೊದಲು ನೆನಪಾಗುವುದು ಸೈಕಲ್ಲು. ಒಂದು ಕಾಲಕ್ಕೆ ಇದಕ್ಕೆ ಸೈಕಲ್ಲುಗಳ ಊರೆಂದೇ ಹೆಸರು. ಕಾಲೇಜಿನ ಹುಡುಗಿಯರು, ಕಚೇರಿಯ ಗುಮಾಸ್ತರು, ಹಾಲು ಹಾಕುವವರು, ಪ್ರಾಧ್ಯಾಪಕರು, ಎಲ್ಲರೂ ಎರಡು ಗಾಲಿಯ ಮೇಲೆಯೇ ಸಂಸಾರ ಸಾಗಿಸಿದವರು. ಇಂದು ಆ ಎರಡು ಗಾಲಿಗಳ ನಡುವೆ ಎಂಜಿನ್ನು ಬಂದು ಕುಳಿತಿದೆ. ಆದರೂ ಆದಿತ್ಯವಾರ ನಸುಕಿನಲ್ಲಿ ಎದ್ದು ಸಿಂಹಗಡ ರಸ್ತೆಯ ಬದಿಗೆ ನಿಂತು ನೋಡಿರಿ. ತಲೆಗೆ ಶಿರಸ್ತ್ರಾಣ, ಹಿಂದೆ ಕೆಂಪು ದೀಪ, ಹಿಂಡು ಹಿಂಡಾಗಿ ಸವಾರರು ನೈಋತ್ಯಕ್ಕೆ ಮುಖಮಾಡಿ ಹೊರಟಿರುತ್ತಾರೆ. ಅವರಲ್ಲಿ ಅಲ್ಲೊಂದು ಇಲ್ಲೊಂದು ಕನ್ನಡ ದನಿಯೂ ಕಿವಿಗೆ ಬೀಳದೆ ಇರದು.

ಪುಣೆಯ ಸವಾರನಿಗೆ ಸಿಂಹಗಡವೆಂದರೆ ಪರೀಕ್ಷೆಯ ಕೊಠಡಿ ಇದ್ದ ಹಾಗೆ. ಊರಿನಿಂದ ಸುಮಾರು 30 ಕಿಲೋಮೀಟರು ದೂರ, ಸಮುದ್ರಮಟ್ಟದಿಂದ ಸುಮಾರು 4,300 ಅಡಿ ಎತ್ತರ. ಮೊದಲ ಇಪ್ಪತ್ತು ಕಿಲೋಮೀಟರು ಹಾಸ್ಯ ಮಾಡುತ್ತ ಹೋಗಬಹುದು. ಕೊನೆಯ ಒಂಬತ್ತರಲ್ಲಿ ಹಾಸ್ಯ ತಾನಾಗಿಯೇ ನಿಂತುಹೋಗುತ್ತದೆ. ಕಳೆದ ಚಳಿಗಾಲದಲ್ಲಿ ಈ ದಾರಿಯನ್ನು ನಾನು ನಮ್ಮ ಕಾಕಾ ಅವರ ಜೊತೆಗೆ ಕ್ರಮಿಸಿದೆ. ಅದರಿಂದ ತಿಳಿದುಕೊಂಡ ನಾಲ್ಕು ಮಾತನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಕಾಕಾ ಬಾಗಲಕೋಟೆಯ ಕಡೆಯವರು. 1980ರಲ್ಲಿ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದವರು ಪಿಂಪರಿಯ ಕಾರ್ಖಾನೆಯೊಂದನ್ನು ಸೇರಿ ನಿವೃತ್ತರಾಗುವವರೆಗೂ ಸೈಕಲ್ ಮೇಲೆಯೇ ಹೋಗಿ ಬಂದರು. ಆಮೇಲೂ ಬಿಡಲಿಲ್ಲ. ಹೀಗಿರುವಾಗ, ಮೂರು ವರ್ಷದ ಹಿಂದೆ, ಸೊಂಟ ನೋವೆಂದು ತೋರಿಸಲು ಹೋದರೆ ಡಾಕ್ಟರು ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಿ, "ಬೆನ್ನೆಲುಬು ಸವೆಯತೊಡಗಿದೆ" ಎಂದುಬಿಟ್ಟರು. ಕಾಕಾ ನಂಬಲಿಲ್ಲ. "ದಿನಾ ಇಪ್ಪತ್ತು ಮೈಲು ಸೈಕಲ್ ಹೊಡದಾಂವ ನಾ. ನನ್ನ ಎಲುಬು ಹೆಂಗ ಸವೀತಾವು?" ಎಂದು ಅವರ ವಾದ. ಕಾಕೂ ಅವರದು ಬೇರೆ ಚಿಂತೆ. "ಬಿದ್ದರ ಸೊಂಟ ಮುರೀತದ. ಆ ಸೈಕಲ್ ಮೊದಲ ಮಾರಿಬಿಡ್ರಿ" ಎಂದು ಹಟ ಹಿಡಿದರು. ನಲವತ್ತು ವರ್ಷದ ಒಡನಾಡಿಯನ್ನು ಮಾರುವುದೆಂದರೆ ಕಾಕಾ ಅವರಿಗೆ ಅರ್ಧ ಜೀವವನ್ನೇ ಮಾರಿದಂತೆ. ಮನೆಯಲ್ಲಿ ಎಂಟು ದಿನ ಮಾತಿಲ್ಲ, ಕತೆಯಿಲ್ಲ.

ಡಾಕ್ಟರು ಹೇಳಿದ್ದು ಸರಿಯೇ ಆಗಿತ್ತು. ಸೈಕಲ್ಲು ಹೃದಯಕ್ಕೆ ಒಳ್ಳೆಯದು, ಶ್ವಾಸಕೋಶಕ್ಕೆ ಒಳ್ಳೆಯದು, ಮೊಣಕಾಲಿಗೂ ಓಟಕ್ಕಿಂತ ಸೌಮ್ಯ. ಆ ಸೌಮ್ಯತೆಯೇ ಎಲುಬಿನ ಪಾಲಿಗೆ ಕೊರತೆ. ನಡೆಯುವಾಗ, ಓಡುವಾಗ, ಭಾರ ಎತ್ತುವಾಗ ಮೈಯ ಭಾರ ಎಲುಬಿನ ಮೇಲೆ ಬೀಳುತ್ತದೆ. ಆ ಪೆಟ್ಟಿಗೆ ಎಲುಬು ಗಟ್ಟಿಯಾಗುತ್ತದೆ. ಸೈಕಲ್ಲಿನ ಮೇಲೆ ಆ ಭಾರವನ್ನೆಲ್ಲ ಸೀಟು ಹೊತ್ತುಕೊಳ್ಳುತ್ತದೆ. ದೂರ ದೂರ ಸೈಕಲ್ ಹೊಡೆಯುವವರ ಬೆನ್ನೆಲುಬು ಓಟಗಾರರದಷ್ಟು ಗಟ್ಟಿಯಿರುವುದಿಲ್ಲವೆಂಬುದನ್ನು ಸಂಶೋಧಕರು ಹಲವು ಸಲ ಕಂಡಿದ್ದಾರೆ. ವಯಸ್ಸಾದಂತೆ ಈ ಕೊರತೆ ದೊಡ್ಡದಾಗುತ್ತದೆ. ಕಡೆಗೆ ಡಾಕ್ಟರೇ ಮನೆಯಲ್ಲಿ ರಾಜಿ ಮಾಡಿಸಿದರು: ಸೈಕಲ್ಲು ಮಾರುವುದು ಬೇಡ, ಔಷಧ ತಪ್ಪಿಸಬಾರದು, ವಾರಕ್ಕೆ ಮೂರು ದಿನ ಮನೆಯಲ್ಲಿಯೇ ಭಾರದ ವ್ಯಾಯಾಮ ಮಾಡಬೇಕು, ಮುಂದಿನ ಪರೀಕ್ಷೆಯ ನಂತರವೇ ಸಿಂಹಗಡದ ಮಾತು. ಒಂದೂವರೆ ವರ್ಷದ ಮೇಲೆ ಪರೀಕ್ಷೆ ಮಾಡಿಸಿದಾಗ ಎಲುಬು ಮತ್ತೆ ಸವೆದಿರಲಿಲ್ಲ. ಇದು ಔಷಧದ ಗುಣವೋ ವ್ಯಾಯಾಮದ ಗುಣವೋ ಎಂದು ಕೇಳಿದರೆ "ಎರಡರದೂ ಪಾಲಿದೆ" ಎಂದರಂತೆ ಡಾಕ್ಟರು. ಹೀಗೆ ಅಪ್ಪಣೆ ಸಿಕ್ಕಿತು. ಕಾಕೂ ಮಾತ್ರ ಒಂದು ಕರಾರು ಹಾಕಿದರು. ಅದನ್ನು ಮುಂದೆ ಹೇಳುತ್ತೇನೆ.

ವಡಗಾವ, ಧಾಯರಿ ಫಾಟಾ, ಕಿರಕಟವಾಡಿ ದಾಟಿದರೆ ಖಡಕವಾಸಲಾ. ಮುಠಾ ನದಿಗೆ ಕಟ್ಟಿದ ಈ ಅಣೆಯ ದಂಡೆಯ ಮೇಲೆ ಕನ್ನಡಿಗನಾದವನು ಒಂದು ನಿಮಿಷ ಇಳಿದು ನಿಲ್ಲಬೇಕು. ನಮ್ಮ ವಿಶ್ವೇಶ್ವರಯ್ಯನವರು ರೂಪಿಸಿದ, ನೀರು ಏರಿದಾಗ ತಾವೇ ತೆರೆದು ಇಳಿದಾಗ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಮೊದಲು ಕೂಡಿಸಿದ್ದು ಇಲ್ಲಿಯೇ, 1903ರಲ್ಲಿ. 1961ರ ಜುಲೈ 12ರಂದು ಮೇಲಿನ ಪಾನಶೇತ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕವಾಸಲೆಯ ಕಟ್ಟೆಯೂ ಒಡೆದು, ಪುಣೆಯ ಪೇಟೆಗಳು ಮುಳುಗಿದ್ದನ್ನು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಆಮೇಲೆ ಕಟ್ಟೆಯನ್ನು ಮತ್ತೆ ಕಟ್ಟಿದರು. ಕಾಕಾ ನೀರನ್ನು ನೋಡುತ್ತ, "ಎಲ್ಲಾ ತಾನ ತೆರೀಬೇಕು, ತಾನ ಮುಚ್ಚಬೇಕು ಅಂದರ ಅಣೆಕಟ್ಟಿಗೆ ನಡೀತದ. ನಮ್ಮ ಮೈಗೆ ನಡಿಯೂದಿಲ್ಲ ನೋಡು" ಎಂದರು.

ಅಲ್ಲಿಂದ ಕೆರೆಯ ಅಂಚಿಗೆ ಸಾಗಿ ಡೋಣಜೆಯ ಕಡೆಗೆ ಹೋದರೆ ಗೋಳೇವಾಡಿಯಲ್ಲಿ ಗಡದ ರಸ್ತೆ ಕವಲೊಡೆಯುತ್ತದೆ. ಇಲ್ಲಿಂದ ಏರು. ತಿರುವಿನ ಮೇಲೆ ತಿರುವು, ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ, ಹಿಂದಿನಿಂದ ಮೋಟಾರುಗಳ ಹಾರನ್ನು. ನಮ್ಮ ಮೈಯಲ್ಲಿ ಏನೇನು ಬಲವಿದೆ, ಏನೇನು ಇಲ್ಲ ಎಂಬುದನ್ನು ಈ ರಸ್ತೆ ಒಂದೊಂದಾಗಿ ಎಣಿಸಿ ತೋರಿಸುತ್ತದೆ. ಮೊದಲು ದನಿ ಎತ್ತುವುದು ತೊಡೆಯ ಮುಂಭಾಗ. ಪೃಷ್ಠದ ಸ್ನಾಯುಗಳು ಸರಿಯಾಗಿ ದುಡಿಯದಿದ್ದರೆ ಭಾರವೆಲ್ಲ ತೊಡೆಗೂ ಮೊಣಕಾಲಿಗೂ ಬರುತ್ತದೆ. ಅನಂತರ ನಡು. ಹೊಟ್ಟೆ ಬೆನ್ನುಗಳಲ್ಲಿ ಬಿಗಿಯಿಲ್ಲದವನು ಪ್ರತಿ ತುಳಿತಕ್ಕೂ ಎಡಕ್ಕೆ ಬಲಕ್ಕೆ ಓಲಾಡುತ್ತಾನೆ. ಕಾಲಿನ ಶಕ್ತಿ ಗಾಲಿಗೆ ಹೋಗದೆ ಗಾಳಿಗೆ ಹೋಗುತ್ತದೆ. ಕಡೆಗೆ ಕುತ್ತಿಗೆ ಮತ್ತು ಹೆಗಲು. ಗಂಟೆಗಟ್ಟಲೆ ಬಗ್ಗಿ ಕುಳಿತದ್ದರ ಬಡ್ಡಿಯನ್ನು ಅವು ವಸೂಲು ಮಾಡುತ್ತವೆ.

ಆರನೆಯ ಕಿಲೋಮೀಟರಿನ ಹತ್ತಿರ ಕಾಕಾ ಅವರ ಉಸಿರು ಜೋರಾಯಿತು. "ಕಾಕಾ, ಇಳದು ನಡೀರಿ. ಅದರಾಗ ಅವಮಾನ ಏನೂ ಇಲ್ಲ" ಎಂದೆ. ಅವರು ಇಳಿದರು, ಇನ್ನೂರು ಹೆಜ್ಜೆ ತಳ್ಳಿಕೊಂಡು ನಡೆದರು, ಮತ್ತೆ ಹತ್ತಿದರು. ಹೀಗೆ ಮೂರು ಸಲ. ಮೇಲೆ ಮುಟ್ಟಿದಾಗ ಅವರ ನಡು ನೆಟ್ಟಗಿತ್ತು. ಅರವತ್ತಾರರ ವಯಸ್ಸಿಗೆ ಅಷ್ಟು ಸಾಕು.

ಗಡದ ಮೇಲೆ ನಾವು ಹೋದಾಗ ಬಿಸಿ ಬಿಸಿ ಪಿಠಲೆ ಭಾಕರಿ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು ಸಿಕ್ಕಿತು. ಝುಣಕ ರೊಟ್ಟಿ ತಿಂದು ಬೆಳೆದ ನಾಲಿಗೆಗೆ ಇದು ತವರಿನ ಊಟವೇ ಅಲ್ಲವೆ? ಕೊಂಡಾಣಾ ಎಂಬ ಹಳೆಯ ಹೆಸರಿನ ಈ ಕೋಟೆಯನ್ನು 1670ರಲ್ಲಿ ತಾನಾಜಿ ಮಾಲುಸರೆ ಗೆದ್ದು ಪ್ರಾಣ ತೆತ್ತ ಕತೆಯನ್ನು ಇಲ್ಲಿ ಮಕ್ಕಳೂ ಬಲ್ಲರು. ಲೋಕಮಾನ್ಯ ತಿಲಕರು ತಂಗುತ್ತಿದ್ದ ಬಂಗಲೆಯೂ ಇಲ್ಲಿದೆ.

ಇನ್ನು ಕಾಕೂ ಅವರ ಕರಾರು: "ಹತ್ತೂದು ಸೈಕಲ್ ಮ್ಯಾಲ, ಇಳಿಯೂದು ಜೀಪಿನಾಗ." ಬೀಳುವ ಭಯ ಹೆಚ್ಚಿರುವುದು ಇಳಿಜಾರಿನಲ್ಲಿ. ಸವೆದ ಎಲುಬಿಗೆ ಒಂದು ಬೀಳುವಿಕೆ ಸಾಕು. ಕಾಕಾ ಎರಡು ಮಾತಾಡದೆ ಸೈಕಲ್ಲನ್ನು ಜೀಪಿನ ಮೇಲೆ ಕಟ್ಟಿಸಿದರು. ಧೈರ್ಯವೆಂದರೆ ಹೀಗಿರಬೇಕೆಂದು ನನಗೆ ಅನಿಸಿತು.

ಈಗ ಮುಖ್ಯ ವಿಷಯ. ಕಾಕಾ ಮನೆಯಲ್ಲಿ ಮಾಡಿದ್ದೇನು? ಅವರದು ಎರಡು ಕೋಣೆಯ ಮನೆ. ಒಂದು ಚಾಪೆ ಹಾಸುವಷ್ಟು ನೆಲ, ಒಂದು ಗೋಡೆ, ಒಂದು ಕುರ್ಚಿ, ಒಂದು ಹಳೆಯ ಪಂಚೆ, ಐದು ಕಿಲೋ ಜೋಳದ ಚೀಲ, ಇಷ್ಟೇ ಸಾಮಗ್ರಿ. ಗೋಡೆ, ಕುರ್ಚಿ, ಪಟ್ಟಿಗಳ ಆಸರೆಯಿಂದ ಮುದುಕರೂ ರೋಗಿಗಳೂ ಆಸನ ಮಾಡಬಹುದೆಂದು ಲೋಕಕ್ಕೆ ಕಲಿಸಿದವರು ಈ ಪುಣೆಯಲ್ಲಿಯೇ ನೆಲೆಸಿದ್ದ ಬಿ. ಕೆ. ಎಸ್. ಅಯ್ಯಂಗಾರರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ರೋಗಗಳಲ್ಲಿಯೇ ಬಾಲ್ಯ ಕಳೆದು, ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರಿಂದ ಯೋಗ ಕಲಿತು, 1937ರಲ್ಲಿ ಪುಣೆಗೆ ಕಲಿಸಲು ಬಂದವರು. 2014ರಲ್ಲಿ ತೀರಿಕೊಳ್ಳುವವರೆಗೂ ಇದೇ ಅವರ ಊರಾಗಿತ್ತು. ವಲಸೆ ಬಂದವನ ಬಡ ಮೈಯೂ ಅಭ್ಯಾಸದಿಂದ ಗಟ್ಟಿಯಾದೀತೆಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಕಾಕಾ ಅವರ ಕ್ರಮ ಹೀಗಿದೆ. ಮೊದಲು ಐದು ನಿಮಿಷ ಮನೆಯೊಳಗೇ ಚುರುಕಾಗಿ ನಡೆದು ಮೈ ಬೆಚ್ಚಗೆ ಮಾಡುವುದು. ಅನಂತರ ಬಸ್ಕಿ. ಹಿಂದೆ ಕುರ್ಚಿ ಇಟ್ಟುಕೊಂಡು, ಹಿಮ್ಮಡಿ ನೆಲಕ್ಕೂರಿ, ಮೂರು ಎಣಿಸುತ್ತ ಇಳಿದು ಕುರ್ಚಿಯನ್ನು ಮುಟ್ಟಿ ಏಳುವುದು. ಮೊಣಕಾಲು ಒಳಕ್ಕೆ ವಾಲಬಾರದು. ಹತ್ತರಂತೆ ಮೂರು ಸರದಿ. ಅದು ಸುಲಭವಾದ ಮೇಲೆ ಜೋಳದ ಚೀಲವನ್ನು ಎದೆಗವಚಿಕೊಂಡು ಮಾಡುವುದು. ಭಾರ ಹೆಚ್ಚುತ್ತ ಹೋದರೆ ಮಾತ್ರ ಸ್ನಾಯುವೂ ಎಲುಬೂ ಬೆಳೆಯುತ್ತವೆ. ಎರಡನೆಯದು ಸೇತುಬಂಧ. ಅಂಗಾತ ಮಲಗಿ, ಮೊಣಕಾಲು ಮಡಚಿ, ಪೃಷ್ಠ ಬಿಗಿದು ಸೊಂಟ ಎತ್ತುವುದು. ಮೂರನೆಯದು ಹಿಮ್ಮಡಿ ಎತ್ತುವುದು. ಹೊಸ್ತಿಲ ಮೇಲೆ ನಿಲ್ಲಬಾರದೆಂದು ಅಜ್ಜಿಯಂದಿರ ಕಟ್ಟಪ್ಪಣೆ ಇರುವುದರಿಂದ ಇದಕ್ಕೆ ಮೆಟ್ಟಿಲೇ ಮೇಲು. ನಾಲ್ಕನೆಯದು ದಂಡ. ಗರಡಿಯ ದಂಡವಲ್ಲ, ಅಡುಗೆಮನೆಯ ಕಟ್ಟೆಗೆ ಕೈಯೂರಿ ಮಾಡುವ ಸೌಮ್ಯವಾದದ್ದು. ಕಡೆಗೆ ಮೊಳಕೈ ಮತ್ತು ಕಾಲ್ಬೆರಳುಗಳ ಮೇಲೆ ಹಲಗೆಯಂತೆ ನೆಟ್ಟಗೆ ನಿಲ್ಲುವುದು, ಇಪ್ಪತ್ತು ಎಣಿಸುವವರೆಗೆ. ಉಸಿರು ಹಿಡಿಯಬಾರದು.

ಮೈ ಸಡಿಲಿಸುವ ಕೆಲಸ ಇದರ ನಂತರ, ಇಲ್ಲವೆ ಸವಾರಿಯಿಂದ ಬಂದ ಮೇಲೆ. ಅಂಗಾತ ಮಲಗಿ, ಪಂಚೆಯನ್ನು ಅಂಗಾಲಿಗೆ ಸುತ್ತಿ, ಕಾಲನ್ನು ಮೆಲ್ಲಗೆ ಮೇಲಕ್ಕೆಳೆದರೆ ತೊಡೆಯ ಹಿಂಭಾಗ ಸಡಿಲಾಗುತ್ತದೆ. ಒಂದು ಮೊಣಕಾಲೂರಿ ಇನ್ನೊಂದು ಪಾದ ಮುಂದಿಟ್ಟು ಸೊಂಟವನ್ನು ಮುಂದೆ ತಂದರೆ, ಸೀಟಿನ ಮೇಲೆ ಸದಾ ಮಡಚಿಕೊಂಡಿರುವ ತೊಡೆಯ ಬುಡ ತೆರೆಯುತ್ತದೆ. ಬಾಗಿಲ ಚೌಕಟ್ಟಿಗೆ ಎರಡೂ ಕೈ ಇಟ್ಟು ಮುಂದೆ ವಾಲಿದರೆ ಎದೆ ಅರಳುತ್ತದೆ. ಒಂದೊಂದೂ ಅರ್ಧ ನಿಮಿಷ. ಎಳೆತ ಇರಬೇಕು, ನೋವು ಇರಬಾರದು, ಜಗ್ಗಾಟವಂತೂ ಕೂಡದು. ಎಲುಬು ಸವೆದವರು ಬೆನ್ನು ಗುಂಡಗೆ ಮಾಡಿ ಕಾಲ್ಬೆರಳು ಮುಟ್ಟುವುದನ್ನೂ, ಸೊಂಟವನ್ನು ಬಲವಾಗಿ ತಿರುಚುವುದನ್ನೂ ಬಿಡಬೇಕು. ಕಾಕಾ ಅವರಿಗೆ ಡಾಕ್ಟರು ಇವೆರಡನ್ನೂ ನಿಷೇಧಿಸಿದ್ದಾರೆ.

ವಾರಕ್ಕೆ ಎರಡು ಮೂರು ದಿನ, ನಡುವೆ ಒಂದೊಂದು ದಿನ ವಿಶ್ರಾಂತಿ, ಒಮ್ಮೆಗೆ ಅರ್ಧ ಗಂಟೆ ಸಾಕು. ಮೊದಲ ವಾರ ತೊಡೆ ನೊಂದರೆ ಗಾಬರಿಯಿಲ್ಲ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಬೇಕು. ಎದೆನೋವು, ತಲೆಸುತ್ತು ಬಂದವರು ಕೂಡಲೆ ಡಾಕ್ಟರನ್ನು ಕಾಣಬೇಕು. ಕಾಲಿನ ಬಲ ಆರೆಂಟು ವಾರಗಳಲ್ಲಿ ತಿಳಿದುಬರುತ್ತದೆ. ಎಲುಬಿಗೆ ಮಾತ್ರ ವರ್ಷದ ಸೈರಣೆ ಬೇಕು.

ಊರು ಬಿಟ್ಟು ಬಂದ ನಮಗೆ ಹೊಲದ ಕೆಲಸವಿಲ್ಲ, ಬಾವಿಯ ನೀರು ಸೇದುವುದಿಲ್ಲ, ಕಟ್ಟಿಗೆ ಒಡೆಯುವುದಿಲ್ಲ. ನಮ್ಮ ಅಜ್ಜಂದಿರ ಎಲುಬಿಗೆ ದಿನವೂ ಸಿಗುತ್ತಿದ್ದ ಭಾರ ನಮ್ಮ ಎಲುಬಿಗೆ ಸಿಗದು. ಅದನ್ನು ನಾವೇ ಹುಡುಕಿ ಹೊರಬೇಕು. ನಿಮ್ಮ ಮನೆಯಲ್ಲಿ ಸೈಕಲ್ಲಿದ್ದರೆ ತುಳಿಯಿರಿ, ಮಕ್ಕಳಿಗೂ ತುಳಿಸಿರಿ. ಜೊತೆಗೆ ಒಂದು ಚಾಪೆಯನ್ನೂ ಹಾಸಿಡಿರಿ. ಅದರ ಮೇಲೆ ಮಾಡಿದ ಅರ್ಧ ಗಂಟೆಯ ಕೆಲಸದ ಲೆಕ್ಕವನ್ನು ಮುಂದೊಂದು ದಿನ ಯಾವುದೋ ಏರು ತಪ್ಪದೆ ಕೇಳುತ್ತದೆ.